ಮಾಂಬಲದ ಪೆಟ್ಟಿಗೆ, ಮೈಸೂರಿನ ಕಿಟಕಿ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಕಾರ್ಯದರ್ಶಿಗಳು ಹೋದ ತಿಂಗಳು ನಮ್ಮ ಮನೆಗೆ ದಯಮಾಡಿಸಿ, ಒಂದು ಲೋಟ ಕಾಫಿ ಕುಡಿದು, "ಮುಂದಿನ ಕೂಟದಲ್ಲಿ ನಿಮ್ಮದೇ ಭಾಷಣ" ಎಂದು ಅಪ್ಪಣೆ ಕೊಟ್ಟಾಗ ನಾವು ಗಾಬರಿಯಾದುದು ನಿಜ. ನಾವು ವಿದ್ವಾಂಸರಲ್ಲ, ಸಾಹಿತಿಗಳೂ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. "ಏನು ಮಾತನಾಡುವುದು ಸ್ವಾಮಿ?" ಎಂದರೆ, "ನಿಮ್ಮ ಅಟ್ಟದ ಮೇಲಿನ ಆ ಪೆಟ್ಟಿಗೆಯ ವಿಷಯವನ್ನೇ ಹೇಳಿ. ಮೇಷ್ಟ್ರ ಕೆಲಸ ಹೇಗೆ ನಡೆಯುತ್ತಿದೆಯೆಂದು ಸದಸ್ಯರಿಗೂ ತಿಳಿಯಲಿ" ಎಂದರು. ಮೇಷ್ಟ್ರ ಹೆಸರು ಬಂದ ಮೇಲೆ ಇಲ್ಲವೆನ್ನುವ ಹಾಗಿರಲಿಲ್ಲ. ಇನ್ನು, ಮಾತಿನುದ್ದಕ್ಕೂ 'ನಾವು', 'ನಾವು' ಎನ್ನುತ್ತೇವೆ. ಅದು ದೊಡ್ಡಸ್ತಿಕೆಯೆಂದು ತಿಳಿಯಬಾರದು. ಮುಂದೆ ಕೆಲವು ತಪ್ಪುಗಳನ್ನು ಒಪ್ಪಿಕೊಳ್ಳುವ ಪ್ರಸಂಗ ಬರುತ್ತದೆ. ಆಗ ಒಬ್ಬನೇ ನಿಂತು ಒಪ್ಪಿಕೊಳ್ಳುವುದಕ್ಕಿಂತ ಬಹುವಚನದ ಮರೆಯಲ್ಲಿ ನಿಂತರೆ ಸ್ವಲ್ಪ ಧೈರ್ಯ.

೨೦೧೫ನೆಯ ಇಸವಿಯ ಡಿಸೆಂಬರ್ ಒಂದು, ಎರಡನೆಯ ತಾರೀಖುಗಳನ್ನು ಈ ಊರಿನವರಾರೂ ಮರೆಯುವಂತಿಲ್ಲ. ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರು, ಮೇಲಿನಿಂದ ಸುರಿದ ಮಳೆ, ಎರಡೂ ಸೇರಿ ಅಡಯಾರು ಉಕ್ಕಿ ಸೈದಾಪೇಟೆಯ ಮನೆಗಳೊಳಕ್ಕೆ ನುಗ್ಗಿತು. ಆ ಭಾಗದಲ್ಲಿ ನೆಲಮಹಡಿಯಲ್ಲಿದ್ದ ನಮ್ಮ ಸದಸ್ಯರೊಬ್ಬರ ಮನೆಯ ಬೀರುವಿನಲ್ಲಿ ಸಂಘದ ಹಳೆಯ ಸ್ಮರಣ ಸಂಚಿಕೆಗಳಿದ್ದವು. ೧೯೫೮ರಿಂದ ೧೯೭೨ರವರೆಗೆ ಹದಿನೈದು ಸಂಚಿಕೆಗಳು, ಒಂದೊಂದಕ್ಕೆ ಒಂದೇ ಪ್ರತಿ. ಬೇರೆಲ್ಲೂ ಇದ್ದಂತೆ ನಮಗೆ ತಿಳಿದಿರಲಿಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಬೀರು ಊದಿಕೊಂಡು ಬಾಗಿಲು ತೆರೆಯಲೇ ಒಲ್ಲದು. ಒಡೆದು ತೆಗೆದೆವು.

ಆ ಸಂಚಿಕೆಗಳನ್ನು ಒಣಗಿಸಿದ ಕಥೆಯನ್ನು ಇಲ್ಲಿ ಕುಳಿತಿರುವ ನಾಲ್ಕೈದು ಜನರೇ ಬಲ್ಲರು. ಪುಟಪುಟದ ನಡುವೆ ಹೀರುಕಾಗದ ಇಟ್ಟು, ಬಿಸಿಲಿಗೆ ಹಾಕದೆ, ಫ್ಯಾನಿನ ಗಾಳಿಯಲ್ಲಿ ಹತ್ತು ಹನ್ನೆರಡು ದಿನ ಆರಿಸಿದೆವು. ಒಂದು ವಿಚಿತ್ರ ನೋಡಿ: ಲೇಖನಗಳಿದ್ದ ಒರಟು ಕಾಗದ ಸುಕ್ಕುಗಟ್ಟಿದರೂ ಬದುಕಿಕೊಂಡಿತು. ಫೋಟೋ ಮತ್ತು ಜಾಹೀರಾತುಗಳಿದ್ದ ನುಣುಪು ಕಾಗದ, ದುಬಾರಿಯದು, ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಾಯಿತು. ಹದಿನೈದರಲ್ಲಿ ಹನ್ನೊಂದು ಉಳಿದವು. ಉಳಿದವನ್ನು ಮುಂದಿನ ವರ್ಷ ಸ್ಕ್ಯಾನರಿನ ಮೇಲೆ ಮಲಗಿಸಿ ಚಿತ್ರ ತೆಗೆದೆವು. ಒಟ್ಟು ೮೬೦ ಪುಟ. ಪುಟವೊಂದಕ್ಕೆ ೨೦ ಎಂಬಿ, ಅಂದರೆ ಒಟ್ಟು ೧೭ ಜಿಬಿಗಿಂತ ಮೇಲು. ಅದನ್ನು ಒಂದು ಡಿಸ್ಕಿನಲ್ಲಿ ತುಂಬಿ ನಮ್ಮ ಮನೆಯಾಕೆಯ ಸೀರೆಗಳ ಬೀರುವಿನಲ್ಲಿ ಇಟ್ಟು, ಮಹತ್ಕಾರ್ಯ ಮುಗಿಯಿತೆಂದು ನಾಲ್ಕು ವರ್ಷ ಸುಮ್ಮನಿದ್ದೆವು.

ಚಿತ್ರವೇನೋ ಉಳಿಯಿತು. ಆದರೆ ಚಿತ್ರದಲ್ಲಿ ಹುಡುಕಲಾಗುವುದಿಲ್ಲ. ಬಳ್ಳಾರಿ, ದಕ್ಷಿಣ ಕನ್ನಡಗಳು ಈ ಮದರಾಸಿಗೇ ಸೇರಿದ್ದ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದವರು ಬರೆದ ನೆನಪುಗಳು ಅದರಲ್ಲಿವೆ. ಕನ್ನಡ ಚಲನಚಿತ್ರಗಳು ಬಹುಪಾಲು ಈ ಊರಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ದಿನಗಳ ಜಾಹೀರಾತುಗಳಿವೆ. ಯಾರ ತಾತ ಯಾವ ನಾಟಕದಲ್ಲಿ ಹೆಣ್ಣುವೇಷ ಕಟ್ಟಿದ್ದರೆಂಬುದೂ ಇದೆ. ಇದೆಲ್ಲ ಅಕ್ಷರಗಳಾಗಿ ಇಳಿದು ಬರಬೇಕಾದರೆ ಚಿತ್ರವನ್ನು ಓದಿ ಅಕ್ಷರ ಮಾಡುವ ತಂತ್ರಾಂಶ ಬೇಕು. ಟೆಸರ್ಯಾಕ್ಟ್ ಎಂಬುದೊಂದು ಉಂಟು, ಬಿಟ್ಟಿಯಾಗಿ ಸಿಗುತ್ತದೆ. ೨೦೧೮ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿ ಕನ್ನಡವನ್ನು ತಕ್ಕಮಟ್ಟಿಗೆ ಓದುತ್ತದೆ. ತಕ್ಕಮಟ್ಟಿಗೆ ಎಂದೆವು. ಸವೆದ ಮೊಳೆಯಲ್ಲಿ ಅಚ್ಚಾದ 'ಮ' ಅದಕ್ಕೆ 'ವ' ಆಗಿ ಕಾಣುತ್ತದೆ. ಸೊನ್ನೆಗೂ ಅನುಸ್ವಾರಕ್ಕೂ ನಮ್ಮ ಲಿಪಿಯಲ್ಲಿ ರೂಪಭೇದವಿಲ್ಲವಾದ್ದರಿಂದ 'ಕಂಬ'ದ ನಡುವೆ ಒಂದು ಸೊನ್ನೆ ಬಂದು ಕೂರುತ್ತದೆ. ಅರ್ಕಾವೊತ್ತು ಕಂಡರೆ ಒಂಬತ್ತು ಎನ್ನುತ್ತದೆ. ಆದುದರಿಂದ ಯಂತ್ರ ಓದಿದ್ದನ್ನು ಮನುಷ್ಯನೊಬ್ಬ ಕೂತು ತಿದ್ದಲೇಬೇಕು.

ಆ ಮನುಷ್ಯ ಯಾರೆಂದು ನಾವು ಹುಡುಕಬೇಕಾಗಲಿಲ್ಲ. ನಮ್ಮ ಮೇಷ್ಟ್ರನ್ನು ನೀವೆಲ್ಲ ಬಲ್ಲಿರಿ. ೧೯೩೭ರಲ್ಲಿ ಹುಟ್ಟಿದವರು; ಈ ಊರಿನ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವರು; ೧೯೬೦ರ ನಂತರದ ಸಂಚಿಕೆಗಳಿಗೆಲ್ಲ ಪ್ರೂಫ್ ನೋಡಿದವರು ಅವರೇ. ೨೦೨೦ರ ಮಾರ್ಚಿಯಲ್ಲಿ ಮೈಸೂರಿನ ಮಗನ ಮನೆಗೆಂದು ಹೋದವರು ಲಾಕ್‌ಡೌನಿನಲ್ಲಿ ಅಲ್ಲೇ ಸಿಕ್ಕಿಕೊಂಡರು, ಆಮೇಲೆ ಅಲ್ಲೇ ಉಳಿದರು. ಒಂದು ದಿನ ಫೋನು ಮಾಡಿ, "ಏನಯ್ಯ, ಪೇಪರು ಓದಿ ಮುಗಿಯಿತು, ಪಂಚಾಂಗವೂ ಓದಿ ಮುಗಿಯಿತು. ಕಣ್ಣು ಪೂರ್ತಿ ಹೋಗುವುದರೊಳಗೆ ಏನಾದರೂ ಕೆಲಸ ಕೊಡು" ಎಂದರು. ಆಗಲೇ ಒಂದು ಕಣ್ಣಿಗೆ ಪೊರೆ ಬಂದಿತ್ತು.

ಪೆನ್ ಡ್ರೈವಿನಲ್ಲಿ ತುಂಬಿ ಕಳಿಸಬಾರದಿತ್ತೇ ಎಂದು ಕೇಳುವಿರಿ. ಕಳಿಸಿದೆವು. ಮೊಮ್ಮಗ ಬಿಟ್ಟುಕೊಟ್ಟಿದ್ದ ಅವರ ಲ್ಯಾಪ್‌ಟಾಪಿನ ನೆನಪುಶಕ್ತಿ ೨ ಜಿಬಿ. ಒಂದು ಪುಟ ಬಾಯಿಗೆ ಹಾಕಿಕೊಂಡರೆ ಅದು ಕಾಲು ಗಂಟೆ ಅಗಿಯುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಮತ್ತೊಂದು. ಅವರು ಅಲ್ಲೊಂದು ಪ್ರತಿ ತಿದ್ದಿ, ನಾವು ಇಲ್ಲೊಂದು ಪ್ರತಿ ತಿದ್ದಿ, ಯಾವುದು ಸರಿಯೆಂದು ಕೊನೆಗೆ ಗೊತ್ತಾಗದೆ ಹೋಗುವುದು. ಒಂದೇ ಖಾತೆಗೆ ಎರಡು ಲೆಡ್ಜರು ಇಡುವುದನ್ನು ಬ್ಯಾಂಕಿನ ಗುಮಾಸ್ತ ಕನಸಿನಲ್ಲಿಯೂ ಒಪ್ಪಲಾರ. ಲೆಡ್ಜರು ಒಂದೇ ಇರಬೇಕು, ಒಂದೇ ಕಡೆ ಇರಬೇಕು. ಬರೆಯುವವರು ಎಲ್ಲಿಂದಾದರೂ ಬರೆಯಲಿ.

ನಮ್ಮ ಬ್ಯಾಂಕುಗಳ ಚರಿತ್ರೆಯೂ ಇದೇ ಅಲ್ಲವೇ? ರಂಗರಾಜನ್ ಸಮಿತಿ ೧೯೮೪ರಲ್ಲಿ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಶಾಖೆಯ ಲೆಕ್ಕ ಶಾಖೆಯಲ್ಲೇ. ಆಮೇಲೆ ಕೋರ್ ಬ್ಯಾಂಕಿಂಗ್ ಬಂದು ಎಲ್ಲ ಖಾತೆಗಳೂ ದೂರದ ಒಂದು ಕೇಂದ್ರಕ್ಕೆ ಹೋದವು. ನಾವು ಈಗ ಕೌಂಟರಿನಲ್ಲಿ ನೋಡುವುದು ಬರಿಯ ಕಿಟಕಿಯನ್ನು. ಲೆಕ್ಕ ನಡೆಯುವುದು ಬೇರೊಂದು ಊರಿನಲ್ಲಿ. ಇದನ್ನೇ ಮನೆಯಲ್ಲಿ ಮಾಡಿದರೆ ಆಯಿತೆಂದು ಹೊಳೆಯಿತು.

ರಿಚ್ಚಿ ಸ್ಟ್ರೀಟಿನಲ್ಲಿ ಯಾವುದೋ ಕಚೇರಿ ಮಾರಿದ ಹಳೆಯ ಕಂಪ್ಯೂಟರೊಂದು ನಮ್ಮಲ್ಲಿತ್ತು. ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿದೆವು. ಇದೇ ಚೆನ್ನೈಯಲ್ಲಿ ಸಿ-ಡ್ಯಾಕ್‌ನವರು ಡೆಬಿಯನ್ನಿನ ಆಧಾರದ ಮೇಲೆಯೇ ಬಾಸ್ ಎಂಬ ಭಾರತೀಯ ಲಿನಕ್ಸನ್ನು ತಯಾರಿಸಿ ೨೦೦೭ರಲ್ಲಿ ಹೊರತಂದರು ಎಂಬುದನ್ನು ಅಭಿಮಾನಕ್ಕಾಗಿ ಹೇಳಿದ್ದೇವೆ. ಪೆಟ್ಟಿಗೆಯನ್ನು ಅಟ್ಟದ ಮೇಲೆ, ದಸರಾ ಬೊಂಬೆಗಳ ಟ್ರಂಕಿನ ಪಕ್ಕದಲ್ಲಿಟ್ಟೆವು. ಹಗಲೂ ರಾತ್ರಿ ಉರಿದರೆ ೪೦ ವ್ಯಾಟ್. ಎರಡು ತಿಂಗಳಿಗೆ ೫೮ ಯೂನಿಟ್ ಆಯಿತು. ತಮಿಳುನಾಡು ಸರ್ಕಾರ ೨೦೧೬ರಿಂದ ಎರಡು ತಿಂಗಳಿಗೊಮ್ಮೆ ೧೦೦ ಯೂನಿಟ್ ಬಿಟ್ಟಿ ಕೊಡುತ್ತದಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಿಮ್ಮ ಪೆಟ್ಟಿಗೆಯೇ ತಿನ್ನುತ್ತದೆಂದು ಮನೆಯಾಕೆಯ ಆಕ್ಷೇಪಣೆ. ಲೆಕ್ಕ ಸರಿಯಾಗಿಯೇ ಇದ್ದುದರಿಂದ ನಾವು ಉತ್ತರ ಕೊಡಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶದ ಕಿಟಕಿ ಇನ್ನೊಂದು ಕಂಪ್ಯೂಟರಿನ ಪರದೆಯ ಮೇಲೆ ತೆರೆಯುವುದು ಹೇಗೆ?

ಇದು ಇಂದಿನ ವಿದ್ಯೆಯಲ್ಲ. ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್, ಜಿಮ್ ಗೆಟ್ಟಿಸ್ ಎಂಬಿಬ್ಬರು ೧೯೮೪ರಲ್ಲಿ ಎಕ್ಸ್ ಎಂಬ ಕಿಟಕಿ ವ್ಯವಸ್ಥೆಯನ್ನು ಆರಂಭಿಸಿದರು. ಅದಕ್ಕೆ ಮುಂಚೆ ಸ್ಟ್ಯಾನ್‌ಫರ್ಡಿನಲ್ಲಿ ಡಬ್ಲ್ಯು ಎಂಬುದೊಂದಿತ್ತು. ಅದರ ಮುಂದಿನ ಅಕ್ಷರ ಎಕ್ಸ್, ಹೆಸರಿನ ಗುಟ್ಟು ಅಷ್ಟೇ. ಅದರ ಹನ್ನೊಂದನೆಯ ಆವೃತ್ತಿ ೧೯೮೭ರ ಸೆಪ್ಟೆಂಬರಿನಲ್ಲಿ ಬಂದಿತು. ಹನ್ನೆರಡನೆಯದು ಇಂದಿಗೂ ಬಂದಿಲ್ಲ. ವಿಶ್ವವಿದ್ಯಾಲಯದ ಯಾವ ಮೇಜಿನ ಮುಂದೆ ಕೂತರೂ ಯಾವ ಯಂತ್ರದಲ್ಲಿರುವ ತಂತ್ರಾಂಶವನ್ನಾದರೂ ಬಳಸುವಂತಿರಬೇಕೆಂಬುದು ಅವರ ಆಶಯ.

ಇದರಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಎಕ್ಸ್ ಪದ್ಧತಿಯಲ್ಲಿ 'ಸರ್ವರ್' ಎಂದರೆ ದೂರದ ದೊಡ್ಡ ಯಂತ್ರವಲ್ಲ. ನಿಮ್ಮ ಕಣ್ಣೆದುರಿನ ಪರದೆಯೇ ಸರ್ವರ್, ದೂರದಲ್ಲಿ ಓಡುವ ತಂತ್ರಾಂಶವೇ ಗಿರಾಕಿ. ಹೆಸರು ತಲೆಕೆಳಗಾಯಿತೆಂದು ಎಂಜಿನಿಯರುಗಳೇ ಗೊಣಗುವುದನ್ನು ಕೇಳಿದ್ದೇವೆ. ಆದರೆ ಬ್ಯಾಂಕಿನವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಪರದೆಯೆಂಬುದು ಕೌಂಟರು. ತಂತ್ರಾಂಶವೆಂಬ ಗಿರಾಕಿ ಚೀಟಿ ಬರೆದು ಒಳಗೆ ನೀಡುತ್ತಾನೆ: ಇಲ್ಲೊಂದು ಗೆರೆ ಎಳೆಯಿರಿ, ಅಲ್ಲೊಂದು ಅಕ್ಷರ ಬರೆಯಿರಿ, ಯಾರಾದರೂ ಗುಂಡಿ ಒತ್ತಿದರೆ ನನಗೆ ತಿಳಿಸಿ. ಕೌಂಟರಿನವನು ಹಾಗೇ ಮಾಡುತ್ತಾನೆ. ಚೀಟಿ ಪಕ್ಕದ ಕೋಣೆಯಿಂದ ಬಂದರೇನು, ಸಮುದ್ರದಾಚೆಯಿಂದ ಬಂದರೇನು, ಅವನಿಗೆ ಒಂದೇ.

ಬಂದವರೆಲ್ಲರ ಚೀಟಿ ತೆಗೆದುಕೊಳ್ಳಬಾರದೆಂದು ಟೋಕನ್ನಿನ ಏರ್ಪಾಡೂ ಉಂಟು. ನಮ್ಮ ಹಳೆಯ ಹಿತ್ತಾಳೆ ಟೋಕನ್ನಿನಂತೆಯೇ; ಅದರ ಹೆಸರು ಮ್ಯಾಜಿಕ್ ಕುಕಿ. ಆದರೆ ಟೋಕನ್ ತೋರಿಸಿ ಒಳಗೆ ಬಂದವನು ಪಕ್ಕದ ಗಿರಾಕಿಯ ಚೀಟಿಯನ್ನೂ ಇಣುಕಿ ನೋಡಬಹುದು, ಒತ್ತಿದ ಗುಂಡಿಗಳನ್ನೆಲ್ಲ ಗುರುತು ಹಾಕಿಕೊಳ್ಳಬಹುದು. ೧೯೮೪ರ ಜನ ಒಳ್ಳೆಯವರು, ಅಷ್ಟು ಅನುಮಾನ ಪಡಲಿಲ್ಲ. ಚೀಟಿಗಳೂ ದಾರಿಯುದ್ದಕ್ಕೂ ಬಿಚ್ಚಿಯೇ ಹೋಗುತ್ತಿದ್ದವು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯಾರೋ ಹೀಗೆ ದಾರಿಯಲ್ಲಿ ಕಿವಿಗೊಟ್ಟು ಪಾಸ್‌ವರ್ಡುಗಳನ್ನು ಕದ್ದ ಮೇಲೆ, ತತು ಯಲೋನೆನ್ ಎಂಬಾತ ೧೯೯೫ರಲ್ಲಿ ಎಸ್‌ಎಸ್‌ಎಚ್ ಎಂಬುದನ್ನು ಬರೆದ. ಅದು ಮೊಹರು ಹಾಕಿದ ಲಕೋಟೆ. ಆ ಆಜ್ಞೆಯ ಮುಂದೆ ಒಂದು ಅಡ್ಡಗೆರೆ, ಒಂದು ದೊಡ್ಡ ಎಕ್ಸ್ ಅಕ್ಷರ ಸೇರಿಸಿದರೆ ಸಾಕು, ಕಿಟಕಿಯ ಚೀಟಿಗಳೂ ಅದೇ ಲಕೋಟೆಯಲ್ಲಿ ಬರುತ್ತವೆ. ಅದರ ಜಾಣತನ ನೋಡಿ: ದೂರದ ಯಂತ್ರಕ್ಕೆ ನಿಜವಾದ ಟೋಕನ್ ಕೊಡುವುದೇ ಇಲ್ಲ, ನಕಲಿಯೊಂದನ್ನು ಕೊಟ್ಟು, ಚೀಟಿ ಈಚೆ ಬಂದ ಮೇಲೆ ಅಸಲಿಗೆ ಬದಲಾಯಿಸಿಕೊಳ್ಳುತ್ತದೆ.

ಹಾಲಿನಲ್ಲಿ ಕೂತು ಅಟ್ಟದ ಪೆಟ್ಟಿಗೆಯಲ್ಲಿರುವ ತಂತ್ರಾಂಶವನ್ನು ಕರೆದೆವು. ಎಡಕ್ಕೆ ಹಳೆಯ ಪುಟದ ಚಿತ್ರ, ಬಲಕ್ಕೆ ತಿದ್ದಬೇಕಾದ ಅಕ್ಷರ. ಕಿಟಕಿ ಮಿಂಚಿನಂತೆ ತೆರೆಯಿತು. ಮನೆಯಾಕೆಯನ್ನು ಕರೆದು ತೋರಿಸಿದೆವು. "ಹಾಲಿಗೂ ಅಟ್ಟಕ್ಕೂ ಏಣಿ ಇದೆಯಲ್ಲ" ಎಂದಳು.

ಮೈಸೂರಿನಿಂದ ಕರೆದಾಗ ಮಾತ್ರ ಮಿಂಚು ಆರಿಹೋಯಿತು. ಮೆನು ಒತ್ತಿದರೆ ಮೇಷ್ಟ್ರು ಎದ್ದು ಹೋಗಿ ನೀರು ಕುಡಿದು ಬರಬಹುದು. ಕಾರಣ ಹೀಗೆ. ಎಕ್ಸ್ ಚೀಟಿಗಳಲ್ಲಿ ಅನೇಕವಕ್ಕೆ ಉತ್ತರ ಬಂದ ಹೊರತು ಮುಂದಿನ ಚೀಟಿ ಹೊರಡದು. ಮನೆಯೊಳಗೆ ಹೋಗಿ ಬರಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ಮೈಸೂರಿಗೆ ನಾವು ಅಳೆದಾಗ ಮೂವತ್ತು ಭಾಗ. ಒಂದು ಕಿಟಕಿ ತೆರೆಯುವುದಕ್ಕೆ ಇನ್ನೂರು ಸಲ ಹೋಗಿ ಬರಬೇಕೆಂದಿಟ್ಟುಕೊಂಡರೂ ಆರು ಸೆಕೆಂಡು ಕಾದದ್ದಾಯಿತು. ಸಾಲದ್ದಕ್ಕೆ, ಇಂದಿನ ತಂತ್ರಾಂಶಗಳು 'ಗೆರೆ ಎಳೆಯಿರಿ' ಎಂಬ ಪುಟ್ಟ ಚೀಟಿ ಬರೆಯುವುದನ್ನೇ ಬಿಟ್ಟು, ತಾವೇ ಚಿತ್ರ ಬರೆದು ಆ ಚಿತ್ರದ ಸುರುಳಿಯನ್ನೇ ಕೌಂಟರಿಗೆ ತಳ್ಳುತ್ತವೆ. ಅದು ದಾರಿಯಲ್ಲಿ ತುಂಬಿಕೊಳ್ಳುತ್ತದೆ.

ಆಗ ವಿಎನ್‌ಸಿ ಎಂಬ ಇನ್ನೊಂದು ಮಾರ್ಗ ಹಿಡಿದೆವು. ಕೇಂಬ್ರಿಡ್ಜಿನ ಒಂದು ಸಂಶೋಧನಾಲಯದಲ್ಲಿ ೧೯೯೦ರ ದಶಕದಲ್ಲಿ ಹುಟ್ಟಿದ್ದು. ಚೀಟಿಯ ರಗಳೆಯೇ ಇಲ್ಲ; ದೂರದ ಯಂತ್ರದ ಪರದೆಯ ಫೋಟೋ ತೆಗೆದು, ಬದಲಾದ ಭಾಗವನ್ನಷ್ಟೇ ಕಳಿಸುತ್ತ ಹೋಗುವುದು. ಮೇಷ್ಟ್ರಿಗೆ ಒಗ್ಗಿತು. ದಿನಕ್ಕೆ ಮೂರು ಪುಟ, ನಾಲ್ಕು ಪುಟ ತಿದ್ದತೊಡಗಿದರು. ಪ್ರತಿ ಸಂಜೆ ಫೋನಿನಲ್ಲಿ ವರದಿ. ೧೯೬೦ರ ಸಂಚಿಕೆ ಮುಗಿಯಿತು, ೬೧ ಆರಂಭವಾಯಿತು.

ಈಗ ತಪ್ಪೊಪ್ಪಿಗೆಯ ಭಾಗ. ವಿಎನ್‌ಸಿಗೆ ಹಾದಿ ಮಾಡಿಕೊಡಲು ನಾವು ನಮ್ಮ ಮನೆಯ ರೂಟರಿನಲ್ಲಿ ೫೯೦೦ ಎಂಬ ಬಾಗಿಲನ್ನು ಹೊರಜಗತ್ತಿಗೆ ತೆರೆದಿಟ್ಟಿದ್ದೆವು. ಪಾಸ್‌ವರ್ಡು ಹದಿನಾರು ಅಕ್ಷರದ್ದೆಂದು ಬೀಗುತ್ತಲೂ ಇದ್ದೆವು. ಅದು ಇಂಗ್ಲಿಷಿನಲ್ಲಿ 'ಕರ್ನಾಟಕ' ಎಂದು ಮೊದಲಾಗಿ ಮುಂದೆ ಅಂಕಿಗಳಿಂದ ತುಂಬಿತ್ತು. ವಿಎನ್‌ಸಿಯ ಹಳೆಯ ಪದ್ಧತಿಯಲ್ಲಿ ಮೊದಲ ಎಂಟು ಅಕ್ಷರ ಮಾತ್ರ ಲೆಕ್ಕಕ್ಕೆ, ಮಿಕ್ಕದ್ದು ಬಿಟ್ಟುಹೋಗುತ್ತದೆಂಬುದು ನಮಗೆ ಆಮೇಲೆ ತಿಳಿಯಿತು. ಎಂಟು ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಕರ್ನಾಟಕ ಎಂಬ ಹೆಸರೂ ಪೂರ್ತಿಯಾಗುವುದಿಲ್ಲ!

೨೦೨೧ರ ಜುಲೈ ತಿಂಗಳ ಒಂದು ರಾತ್ರಿ. ಒಂದು ಗಂಟೆಯಾಗಿತ್ತು. ಅಟ್ಟದಲ್ಲಿ ಫ್ಯಾನಿನ ಆರ್ಭಟ ಕೇಳಿ ಎಚ್ಚರವಾಯಿತು. ಎದ್ದು ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಪರದೆಯನ್ನು ತೆರೆದು ನೋಡಿದರೆ ಇಲಿಯ ಬಾಣ ತಾನಾಗಿ ಓಡಾಡುತ್ತಿದೆ. ಮೇಷ್ಟ್ರಿಗೆ ನಿದ್ದೆ ಬಾರದೆ ಕೆಲಸಕ್ಕೆ ಕೂತಿರಬೇಕೆಂದುಕೊಂಡೆವು. ಅಷ್ಟರಲ್ಲಿ ಕರಿಯ ಕಿಟಕಿಯೊಂದು ತೆರೆಯಿತು, ಅದರಲ್ಲಿ ಇಂಗ್ಲಿಷಿನ ಆಜ್ಞೆಗಳು ಸರಸರನೆ ಮೂಡಿದವು. ಮೇಷ್ಟ್ರು ಒಂದೊಂದೇ ಬೆರಳಿನಿಂದ ಒತ್ತುವವರು. ಅವರಲ್ಲ. ಏಣಿ ಹಾಕಲೂ ಪುರಸೊತ್ತಿಲ್ಲದೆ ಕುರ್ಚಿ ಹತ್ತಿ ತಂತಿ ಕಿತ್ತೆವು.

ಯಾವ ದೇಶದವನೋ, ನಮ್ಮ ಪೆಟ್ಟಿಗೆಯಲ್ಲಿ ಕೂತು ತನಗೆ ಬಿಟ್‌ಕಾಯಿನ್ ಜಾತಿಯ ಹಣ ಟಂಕಿಸಿಕೊಳ್ಳುತ್ತಿದ್ದ. ಅವನು ಮಾಡಿದ ಅಪಕಾರ ಅಷ್ಟೇ. ದೊಡ್ಡ ಅಪಕಾರ ಮಾಡಿದವರು ನಾವು. ಗಾಬರಿಯಲ್ಲಿ, ಆ ರಾತ್ರಿಯೇ, ಡಿಸ್ಕನ್ನು ಪೂರ್ತಿ ಒರೆಸಿ ಲಿನಕ್ಸನ್ನು ಹೊಸದಾಗಿ ಹಾಕಿದೆವು. ಬೆಳಗಿನ ಜಾವ ನಾಲ್ಕು ಗಂಟೆಗೆ, ಕೆಲಸ ಮುಗಿದು ಕೈ ತೊಳೆಯುವಾಗ, ನೆನಪಾಯಿತು. ಪುಟಗಳ ಚಿತ್ರಗಳೇನೋ ಸೀರೆಯ ಬೀರುವಿನ ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದವು. ತಿದ್ದಿದ ಅಕ್ಷರವನ್ನು ಎರಡು ವಾರಕ್ಕೊಮ್ಮೆ ನಕಲು ಮಾಡಿಕೊಳ್ಳುತ್ತಿದ್ದೆವು. ಕೊನೆಯ ನಕಲಿನ ನಂತರ ಮೇಷ್ಟ್ರು ತಿದ್ದಿದ್ದು ೪೩ ಪುಟ. ಅದು ಆ ಡಿಸ್ಕಿನಲ್ಲಿ ಮಾತ್ರ ಇತ್ತು.

ಬೆಳಿಗ್ಗೆ ಎಂಟಕ್ಕೆ ಫೋನು ಮಾಡಿ ಹೇಳಿದೆವು. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, "ಇರಲಿ ಬಿಡಯ್ಯ. ಅರವತ್ತೊಂದರಲ್ಲಿ ಇದೇ ಸಂಚಿಕೆಗೆ ಕಟ್ಟಿದ ಎಂಟು ಪುಟದ ಮೊಳೆಗಳೆಲ್ಲ ಅಚ್ಚಿನ ಮನೆಯಲ್ಲಿ ಕೈಜಾರಿ ನೆಲಕ್ಕೆ ಚೆಲ್ಲಿಹೋದವು. ಕಂಪಾಜಿಟರ್ ಹುಡುಗ ಅತ್ತೇಬಿಟ್ಟ. ಮತ್ತೆ ಜೋಡಿಸಿದ, ಮತ್ತೆ ಓದಿದೆ" ಎಂದರು. ಮಾತು ಅಷ್ಟು ಹಗುರವಾಗಿಯೇ ಇತ್ತು. ಆದರೆ ಅದಾದ ಮೇಲೆ ಒಂಬತ್ತು ದಿನ ಅವರು ಲ್ಯಾಪ್‌ಟಾಪಿನ ಮುಚ್ಚಳ ತೆರೆಯಲಿಲ್ಲವೆಂದು ಅವರ ಸೊಸೆಯವರಿಂದ ತಿಳಿಯಿತು. ಎಂಬತ್ತನಾಲ್ಕು ವಯಸ್ಸಿನಲ್ಲಿ, ಒಂದೇ ಕಣ್ಣಿನಲ್ಲಿ, ೪೩ ಪುಟ. ಆ ಒಂಬತ್ತು ದಿನ ನಮಗೂ ಅನ್ನ ರುಚಿಸಲಿಲ್ಲ.

ಹೊಸ ಏರ್ಪಾಡನ್ನು ನಿಧಾನವಾಗಿ, ಓದಿ ತಿಳಿದು ಮಾಡಿದೆವು. ಮೊದಲು ಹೊರಬಾಗಿಲನ್ನೆಲ್ಲ ಮುಚ್ಚಿ ವೈರ್‌ಗಾರ್ಡ್ ಎಂಬ ಸುರಂಗ ತೋಡಿದೆವು. ಇದು ೨೦೨೦ರ ಮಾರ್ಚಿಯಿಂದ ಲಿನಕ್ಸಿನ ಮೂಲದಲ್ಲೇ ಸೇರಿಕೊಂಡಿದೆ. ಪಾಸ್‌ವರ್ಡಿನ ಬದಲು ಎರಡು ಕಡೆಗೂ ಕೀಲಿಗಳು; ಕೀಲಿಯಿಲ್ಲದವನು ಬಂದು ತಟ್ಟಿದರೆ ಒಳಗಿನಿಂದ 'ಯಾರು?' ಎಂಬ ದನಿಯೂ ಬರುವುದಿಲ್ಲ. ಮನೆಯಲ್ಲಿ ಜನರಿಲ್ಲವೆಂದು ತಿಳಿದು ಹೋಗುತ್ತಾನೆ. ಮಾರನೆಯ ವರ್ಷ ಬ್ರಾಡ್‌ಬ್ಯಾಂಡ್ ಬದಲಾಯಿಸಿದಾಗ ಮತ್ತೊಂದು ಪೇಚು. ಹಳೆಯ ತರದ ಅಂತರಜಾಲ ವಿಳಾಸಗಳು ಒಟ್ಟು ೪೨೯ ಕೋಟಿ ಮಾತ್ರ. ಜಗತ್ತಿನ ದಾಸ್ತಾನು ೨೦೧೧ರ ಫೆಬ್ರವರಿಯಲ್ಲೇ ಖಾಲಿ. ಆದುದರಿಂದ ಅನೇಕ ಕಂಪೆನಿಗಳು ನೂರಾರು ಮನೆಗಳಿಗೆ ಒಂದೇ ವಿಳಾಸ ಹಂಚುತ್ತವೆ. ದೊಡ್ಡ ವಠಾರಕ್ಕೆಲ್ಲ ಒಂದೇ ಬಾಗಿಲ ನಂಬರು ಇದ್ದಂತೆ. ಒಳಗಿನವರು ಕಾಗದ ಹಾಕಬಹುದು, ಹೊರಗಿನವರು ನಿಮ್ಮನ್ನು ಹುಡುಕಿ ಬರಲಾರರು. ಇದಕ್ಕಾಗಿ ಬಾಡಿಗೆಯ ಪುಟ್ಟ ಕಂಪ್ಯೂಟರೊಂದನ್ನು ಹಿಡಿದು, ಮಾಂಬಲವೂ ಮೈಸೂರೂ ಅಲ್ಲಿಗೆ ಹೋಗಿ ಭೇಟಿಯಾಗುವಂತೆ ಮಾಡಿದೆವು. ಅದು ಬರಿಯ ಅಂಚೆಕಚೇರಿ. ಒಳಗಿನ ಎಸ್‌ಎಸ್‌ಎಚ್ ಲಕೋಟೆಯನ್ನು ಅದು ಒಡೆದು ಓದಲಾರದು.

ಕಿಟಕಿಗೆ ಈಗ ಬಳಸುವುದು ಎಕ್ಸ್‌ಪ್ರಾ. ಇದು ಅಟ್ಟದ ಪೆಟ್ಟಿಗೆಯಲ್ಲೇ, ಯಾರೂ ನೋಡದ ಒಂದು ಪರದೆಯನ್ನು ಕಲ್ಪಿಸಿ, ಚೀಟಿ ವ್ಯವಹಾರವನ್ನೆಲ್ಲ ಅಲ್ಲೇ ಮುಗಿಸಿಬಿಡುತ್ತದೆ. ಬೇಕಾದ ಕಿಟಕಿಯ ಚಿತ್ರವನ್ನು ಮಾತ್ರ ಒತ್ತಿ ಮಡಿಸಿ ಮೈಸೂರಿಗೆ ಕಳಿಸುತ್ತದೆ. ನಡುವೆ ಮೈಸೂರಿನಲ್ಲಿ ಕರೆಂಟು ಹೋಯಿತೆನ್ನಿ, ಮಾಂಬಲದಲ್ಲಿ ಕಿಟಕಿ ತೆರೆದೇ ಇರುತ್ತದೆ; ಕರೆಂಟು ಬಂದ ಮೇಲೆ ಅರ್ಧ ಬರೆದ ಪದದ ಮುಂದೆಯೇ ಬಂದು ಕೂರಬಹುದು. ಎಸ್‌ಎಸ್‌ಎಚ್ ಒಂದನ್ನೇ ನೆಚ್ಚಿದ್ದಾಗ ಈ ಸೌಖ್ಯವಿರಲಿಲ್ಲ, ದಾರ ಹರಿದರೆ ತಂತ್ರಾಂಶವೂ ಸಾಯುತ್ತಿತ್ತು. ಎಕ್ಸ್‌ಗೇ ಮುಪ್ಪು ಬಂದಿದೆ, ವೇಲ್ಯಾಂಡ್ ಎಂಬುದು ಅದರ ಪಟ್ಟಕ್ಕೆ ಬರುತ್ತಿದೆ ಎನ್ನುತ್ತಾರೆ. ೨೦೦೮ರಲ್ಲಿ ಆರಂಭವಾದದ್ದು ಅದು. ಊರಾಚೆಗೆ ಕಿಟಕಿ ಕಳಿಸುವ ಕೆಲಸ ತನ್ನದಲ್ಲವೆಂದು ಅದು ಮೊದಲೇ ಕೈತೊಳೆದುಕೊಂಡಿದೆ. ವೇಪೈಪ್ ಮುಂತಾದವು ಆ ಕೊರತೆಯನ್ನು ತುಂಬುತ್ತವೆ. ನಮ್ಮ ೮೬೦ ಪುಟ ಮುಗಿಯುವವರೆಗೆ ಮುದುಕ ಎಕ್ಸ್ ಬಾಳಿದರೆ ನಮಗೆ ಸಾಕು.

ಕನ್ನಡ ಒತ್ತುವುದೊಂದು ಪ್ರಹಸನವಾಯಿತು. ಮೇಷ್ಟ್ರಿಗೆ ಕೆ. ಪಿ. ರಾವ್ ಅವರ ಕೀಲಿಮಣೆಯ ಜಾಡಿನದು, 'ನುಡಿ'ಯಲ್ಲಿರುವಂಥದು, ರೂಢಿ. ಲ್ಯಾಪ್‌ಟಾಪಿನಲ್ಲೂ ಅದನ್ನು ಹಾಕಿದ್ದೆವು, ಅಟ್ಟದ ಪೆಟ್ಟಿಗೆಯಲ್ಲೂ ಹಾಕಿದ್ದೆವು. ಅವರು ಒತ್ತಿದ್ದನ್ನು ಮೈಸೂರು ಒಂದು ಸಲ ಕನ್ನಡ ಮಾಡಲು ಹೋಗಿ, ಮಾಂಬಲ ಇನ್ನೊಂದು ಸಲ ಮಾಡಲು ಹೋಗಿ, ಪರದೆಯ ಮೇಲೆ ಯಾವ ಭಾಷೆಯೂ ಅಲ್ಲದ್ದು ಮೂಡಿತು. ಕೊನೆಗೆ ಕಂಡುಕೊಂಡ ಉಪಾಯ: ಮೈಸೂರಿನ ಯಂತ್ರ ಇಂಗ್ಲಿಷಿನಲ್ಲೇ ಇರಬೇಕು, ಕನ್ನಡ ಮಾಡುವ ಕೆಲಸ ಚೆನ್ನೈಯ ಯಂತ್ರದ್ದು. "ಮೈಸೂರಿನಲ್ಲಿ ಇಂಗ್ಲಿಷು, ಮದರಾಸಿನಲ್ಲಿ ಕನ್ನಡ! ನವೆಂಬರ್ ಒಂದಕ್ಕೆ ಇದನ್ನು ಯಾರಿಗೂ ಹೇಳಬೇಡ" 
ಎಂದು ಮೇಷ್ಟ್ರು ನಕ್ಕರು. ಹೇಳಿಬಿಟ್ಟಿದ್ದೇವೆ, ಕ್ಷಮಿಸಬೇಕು.

೪೩ ಪುಟಗಳನ್ನೂ ಅವರು ಮತ್ತೆ ತಿದ್ದಿದರು. ಈಗ ಗಂಟೆಗೊಮ್ಮೆ ಬೇರೆ ಡಿಸ್ಕಿಗೆ ನಕಲಾಗುತ್ತದೆ, ರಾತ್ರಿಗೊಮ್ಮೆ ಮೈಸೂರಿನ ಲ್ಯಾಪ್‌ಟಾಪಿಗೂ ಅಕ್ಷರ ಮಾತ್ರ ಹೋಗಿ ಸೇರುತ್ತದೆ. ೨೦೨೩ರ ಡಿಸೆಂಬರ್ ನಾಲ್ಕರಂದು ಮಿಚಾಂಗ್ ಚಂಡಮಾರುತದ ಮಳೆಗೆ ಊರೆಲ್ಲ ಮುಳುಗಿ, ನಮ್ಮ ಬೀದಿಯಲ್ಲಿ ಕರೆಂಟು ಹೋದದ್ದು ಮೂರನೆಯ ದಿನ ಸಂಜೆಗೆ ಬಂತು. ಎಕ್ಸ್‌ಪ್ರಾ ಆಗಲಿ ಯಾವುದೇ ಆಗಲಿ, ಪೆಟ್ಟಿಗೆಗೇ ಕರೆಂಟಿಲ್ಲದಿದ್ದರೆ ಏನು ಮಾಡೀತು? ತಿದ್ದುತ್ತಿದ್ದ ಪುಟದ ಅರ್ಧ ಹೋಯಿತು. ಅರ್ಧ ಪುಟ ಮಾತ್ರ. ಮೇಷ್ಟ್ರು ಫೋನು ಮಾಡಿ ಮೊದಲು ಕೇಳಿದ್ದು, "ಮನೆಯೊಳಗೆ ನೀರು ಬಂತೇನಪ್ಪಾ, ಮಕ್ಕಳು ಹೇಗಿದ್ದಾರೆ?" ಎಂದು. ಸಂಚಿಕೆಯ ಮಾತು ಆಮೇಲೆ.

ಹೋದ ವಾರದ ಒಂದು ಸಂಗತಿ ಹೇಳಿ ಮುಗಿಸುತ್ತೇವೆ. ರಾತ್ರಿ ಒಂಬತ್ತೂವರೆಗೆ ಮೇಷ್ಟ್ರ ಫೋನು. "ಅರವತ್ತನಾಲ್ಕರ ಜಮಾಖರ್ಚಿನ ಪುಟ ನೋಡಯ್ಯ. ಖರ್ಚನ್ನು ಎಷ್ಟು ಸಲ ಕೂಡಿದರೂ ಮೊತ್ತ ಹೊಂದುತ್ತಿಲ್ಲ. ೨೭ ರೂಪಾಯಿ ಹೆಚ್ಚು ಬರುತ್ತದೆ. ಯಂತ್ರ ತಪ್ಪು ಓದಿತೋ ಎಂದರೆ ಚಿತ್ರದಲ್ಲೂ ಹಾಗೇ ಇದೆ." ನಾವೂ ಅದೇ ಕಿಟಕಿಯನ್ನು ಇಲ್ಲಿ ತೆರೆದೆವು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೋ ಎಂದು ಮೊದಲು ನೋಡಬೇಕೆಂಬುದು ಬ್ಯಾಂಕಿನವರಿಗೆ ಮೊದಲ ವರ್ಷದ ಪಾಠ. ಹುಡುಕುತ್ತ ಹೋದರೆ ರಂಗಮಂಟಪದ ಬಾಡಿಗೆ ೧೬೩ ಎಂದಿತ್ತು. ಅದನ್ನು ೧೩೬ ಎಂದು ಓದಿ ನೋಡಿ, ಮೊತ್ತ ಕೂಡುತ್ತದೆ.

"ಪ್ರೂಫ್ ನೋಡಿದವನು ನಾನೇ" ಎಂದರು ಮೇಷ್ಟ್ರು. "ಖಜಾಂಚಿ ಅವತ್ತೇ ಬೈಯಬೇಕಾಗಿತ್ತು, ಬೈಯಲಿಲ್ಲ. ಈಗ ತಿದ್ದಲೋ, ಹಾಗೇ ಬಿಡಲೋ?" ಅಚ್ಚಾದದ್ದು ಅಚ್ಚಾದಂತೆಯೇ ಇರಲಿ, ಕೆಳಗೊಂದು ಟಿಪ್ಪಣಿ ಹಾಕೋಣ ಎಂದೆವು. ಫೋನು ಕೆಳಗಿಟ್ಟರು. ನಾವು ಪರದೆಯನ್ನು ನೋಡುತ್ತ ಕೂತೆವು. ಪುಟದ ಅಡಿಯಲ್ಲಿ ಒಂದೊಂದೇ ಅಕ್ಷರ, ಒಂದೊಂದೇ ಬೆರಳಿನಿಂದ, ಮೂಡುತ್ತ ಬಂತು. 'ಇದು ೧೩೬ ಇರಬೇಕು. ಕರಡು ತಿದ್ದಿದವನ ತಪ್ಪು.' ಸ್ವಲ್ಪ ತಡೆದು, 'ಕರಡು' ಎಂಬುದನ್ನು ಅಳಿಸಿ 'ಪ್ರೂಫು' ಎಂದು ಬರೆದರು.

ಇನ್ನು ೧೪೮ ಪುಟ ಉಳಿದಿದೆ. ಕಣ್ಣಿನ ಆಪರೇಷನ್ ಜನವರಿಗೆ ಎಂದು ಗೊತ್ತಾಗಿದೆ. ೧೯೫೯, ೧೯೬೩, ೧೯೬೬, ೧೯೭೦ ಈ ನಾಲ್ಕು ಸಂಚಿಕೆಗಳು ನಮ್ಮಲ್ಲಿಲ್ಲ. ನಿಮ್ಮಲ್ಲಿ ಯಾರ ಮನೆಯ ಟ್ರಂಕಿನ ತಳದಲ್ಲಾದರೂ, ಹಾಳೆ ಹರಿದಿದ್ದರೂ ಚಿಂತೆಯಿಲ್ಲ, ಇದ್ದರೆ ದಯವಿಟ್ಟು ಕಾರ್ಯದರ್ಶಿಗಳಿಗೆ ತಿಳಿಸಬೇಕು. ನಾವೇ ಬಂದು ಚಿತ್ರ ತೆಗೆದುಕೊಂಡು ಅಲ್ಲೇ ಹಿಂದಿರುಗಿಸುತ್ತೇವೆ. ಭಾನುವಾರ ಬೆಳಿಗ್ಗೆಯಾದರೆ ಅನುಕೂಲ. ಮಿಕ್ಕ ದಿನ ಬ್ಯಾಂಕು ಉಂಟಲ್ಲ.